ಸಹಜ ಇಂಗ್ಲಿಷಿಗೆ ಏಳು ಅಂಕ

ಹೊನ್ನಯ್ಯ ಮೇಷ್ಟ್ರು ಇಪ್ಪತ್ತಾರು ವರ್ಷ ಇಂಗ್ಲಿಷ್ ಪಾಠ ಮಾಡಿದ್ದರು. ಇಂಗ್ಲಿಷೇ ಆಡುವ ಮನುಷ್ಯನೊಬ್ಬನ ಜೊತೆ ಇಂಗ್ಲಿಷಿನಲ್ಲಿ ಮಾತಾಡಿದ್ದು ಮಾತ್ರ ಒಂದೇ ಸಲ. ಅದು ಗಗನಚುಕ್ಕಿಗೆ ಹೋಗುವ ದಾರಿಯ ಕವಲಿನಲ್ಲಿ. ಬಾಡಿಗೆ ಬೈಕಿನಲ್ಲಿ ಬಂದ ಬಿಳಿಗಡ್ಡದ ಪರದೇಶಿಯೊಬ್ಬ ಜಲಪಾತ ಯಾವ ಕಡೆ ಎಂದು ಕೇಳಿದ. ಮೇಷ್ಟ್ರು ಕೈ ತೋರಿಸಿದ್ದರೆ ಸಾಕಿತ್ತು. ತೋರಿಸಲಿಲ್ಲ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಕರ್ಮಣಿ ಪ್ರಯೋಗದಲ್ಲಿ, ಎರಡು ಉಪವಾಕ್ಯಗಳುಳ್ಳ ಒಂದು ಪೂರ್ಣ ವಾಕ್ಯವನ್ನು ಒಪ್ಪಿಸಿದರು. ಪರದೇಶಿ ಬಹಳ ಮರ್ಯಾದೆಯಿಂದ ತಲೆಬಾಗಿ, ಜಲಪಾತಕ್ಕೆ ಬೆನ್ನು ಹಾಕಿ, ಕೊಳ್ಳೇಗಾಲದ ಕಡೆಗೆ ಹೊರಟುಹೋದ. ‘ಪಾಪ, ಅವನಿಗೆ ಇಂಗ್ಲಿಷ್ ಅಷ್ಟಾಗಿ ಬಾರದು’ ಎಂದು ಮೇಷ್ಟ್ರು ಮಾರನೇ ದಿನ ಸ್ಟಾಫ್ ರೂಮಿನಲ್ಲಿ ಹೇಳಿದರು. ಹೇಳಿದ್ದು ಮಾತ್ರವಲ್ಲ, ನಂಬಿಯೂ ಇದ್ದರು. ಈಗ ನೆನೆದರೆ ಅವರಿಗೇ ಮುಖ ಮುಚ್ಚಿಕೊಳ್ಳುವ ಹಾಗಾಗುತ್ತದೆ.

ಮಳವಳ್ಳಿಯಿಂದ ಎಂಟು ಕಿಲೋಮೀಟರ್ ಆಚೆಯ ಸರ್ಕಾರಿ ಪ್ರೌಢಶಾಲೆಯಲ್ಲಿ ಮಕ್ಕಳು ಅವರನ್ನು ಮರೆಯಲ್ಲಿ ‘ಗ್ರಾಮರ್ ಹೊನ್ನಯ್ಯ’ ಎನ್ನುತ್ತಿದ್ದರು. ಅದು ಅಡ್ಡಹೆಸರೆಂದು ಬಹಳ ವರ್ಷ ಅವರಿಗೆ ಹೊಳೆದಿರಲಿಲ್ಲ, ಬಿರುದೆಂದೇ ತಿಳಿದಿದ್ದರು. ಹೀಗಾಗಿ ಆ ವರ್ಷ ಮಳೆಗಾಲದ ಶುರುವಿನಲ್ಲಿ ಮಂಡ್ಯದ ಶಿಕ್ಷಣ ಇಲಾಖೆಯಿಂದ ಪತ್ರ ಬಂದಾಗ ಅವರು ಅದನ್ನು ಓದಿದ್ದು ಒಂದು ಬಗೆ, ಪತ್ರದಲ್ಲಿ ಇದ್ದದ್ದು ಇನ್ನೊಂದು ಬಗೆ. ಇಂಗ್ಲಿಷ್ ಪಾಠ ಮಾಡುವ ಶಿಕ್ಷಕರಿಗೆಲ್ಲ ಹದಿನೈದು ದಿನದ ತರಬೇತಿ. ಅದಕ್ಕೂ ಮೊದಲು ಪ್ಲೇಸ್‌ಮೆಂಟ್ ಟೆಸ್ಟ್. ಯಾರಿಗೆ ಎಷ್ಟು ಬರುತ್ತದೆಂದು ತೂಗಿ ನೋಡಿ, ನಾಲ್ಕು ಮಟ್ಟಗಳಲ್ಲಿ ಅವರವರಿಗೆ ತಕ್ಕ ತರಗತಿಯಲ್ಲಿ ಕೂರಿಸುವ ಪರೀಕ್ಷೆ. ನಾಲ್ಕನೇ ಮಟ್ಟ ಮುಟ್ಟಿದವರು ಮಾತ್ರ ಪಾಠ ಕೇಳುವ ಬದಲು ಉಳಿದವರಿಗೆ ಪಾಠ ಹೇಳಬೇಕು. ಮೇಷ್ಟ್ರು ಮೊದಲ ಮೂರು ಮಟ್ಟಗಳ ವಿವರ ಇದ್ದ ಪುಟವನ್ನು ತಿರುವಿ ಹಾಕಿ ನಾಲ್ಕನೆಯದನ್ನಷ್ಟೇ ಓದಿಕೊಂಡರು.

‘ಹದಿನೈದು ದಿನ ನಾನು ರಿಸೋರ್ಸ್ ಪರ್ಸನ್ನು ಕಣೆ,’ ಎಂದು ಹೆಂಡತಿ ಕುಸುಮಳಿಗೆ ಹೇಳಿದರು. ಕುಸುಮ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಬ್ಲೌಸ್ ಹೊಲಿಯುವವಳು. ಗಂಡನ ಮಾತಿಗಿಂತ ಹೆಚ್ಚಾಗಿ ಅಳತೆಪಟ್ಟಿಯನ್ನು ನಂಬುವವಳು. ‘ಮೊದ್ಲು ಪರೀಕ್ಸೆ ಬರ್ದು ಬನ್ನಿ, ಆಮ್ಯಾಕೆ ಪರ್ಸನ್ನಾಗೋರಂತೆ,’ ಎಂದಳು.

ಪರೀಕ್ಷೆಯ ಮೊದಲ ಅರ್ಧ ವ್ಯಾಕರಣ. ಮೇಷ್ಟ್ರು ಅರ್ಧ ಹೊತ್ತಿಗೇ ಮುಗಿಸಿ, ಕೈಕಟ್ಟಿ ಕೂತು, ಸುತ್ತ ತಿಣುಕಾಡುತ್ತಿದ್ದ ಮೇಷ್ಟ್ರುಗಳನ್ನೂ ಮೇಡಂಗಳನ್ನೂ ಕರುಣೆಯಿಂದ ನೋಡಿದರು. ಅವರಲ್ಲಿ ಅವರದೇ ಶಾಲೆಯ ಪಿ.ಟಿ. ಮಾಸ್ತರ ಶಶಿಧರನೂ ಇದ್ದ. ಶಿಕ್ಷಕರ ಕೊರತೆಯಿಂದಾಗಿ ಎಂಟನೇ ಕ್ಲಾಸಿನ ಇಂಗ್ಲಿಷನ್ನು ಅವನ ತಲೆಗೆ ಕಟ್ಟಿದ್ದರು. ಅವನು ಪೆನ್ನಿನ ತುದಿ ಕಚ್ಚುತ್ತಿದ್ದ.

ಎರಡನೇ ಅರ್ಧ ಮಾತು. ಕಿವಿಗೆ ಹೆಡ್‌ಫೋನು ಹಾಕಿದರು. ಕಂಪ್ಯೂಟರಿನ ಒಳಗಿಂದ ಹೆಂಗಸಿನ ದನಿಯೊಂದು ನೆಂಟರ ಮನೆಯವಳ ಹಾಗೆ ಸಲಿಗೆಯಿಂದ ಕೇಳಿತು: ‘ಹಾಯ್! ಹೌ ಆರ್ ಯು ಡೂಯಿಂಗ್ ಟುಡೇ?’

ಮೇಷ್ಟ್ರು ವಾಕ್ಯವನ್ನು ಬಿಡಿಸಿ ನೋಡಿದರು. ವರ್ತಮಾನಕಾಲ, ನಡೆಯುತ್ತಿರುವ ಕ್ರಿಯೆ. ‘ಹೌ’ ಎಂದು ಕೇಳಿದ್ದರಿಂದ ಉತ್ತರದಲ್ಲಿ ರೀತಿವಾಚಕ ಇರಬೇಕು. ‘ಐ ಆಮ್ ಡೂಯಿಂಗ್ ದಿ ಪ್ಲೇಸ್‌ಮೆಂಟ್ ಟೆಸ್ಟ್ ವಿತ್ ಗ್ರೇಟ್ ಕೇರ್, ಮೇಡಂ,’ ಎಂದರು.

ದನಿ ‘ಗ್ರೇಟ್!’ ಎಂದಿತು. ಆಮೇಲೆ ನಿಮ್ಮ ಬೆಳಗ್ಗೆ ಹೇಗಿತ್ತು, ಹೇಳಿ ಎಂದಿತು. ಮೇಷ್ಟ್ರು ಬೆಳಗ್ಗೆ ಎಂದರೆ ಸೂರ್ಯೋದಯಕ್ಕೂ ಮಧ್ಯಾಹ್ನಕ್ಕೂ ನಡುವಿನ ಕಾಲವೆಂದು ಆರಂಭಿಸಿ, ಬೇಗ ಏಳುವುದರ ಪ್ರಯೋಜನಗಳನ್ನು ಮೂರು ಅಂಶಗಳಲ್ಲಿ ವಿವರಿಸಿದರು. ಕೊನೆಗೆ ದನಿ ಕೇಳಿತು: ಗೆಳೆಯರೊಬ್ಬರು ರಾತ್ರಿ ಊಟಕ್ಕೆ ಕರೆದಿದ್ದಾರೆ, ನಿಮಗೆ ಹೋಗಲಾಗುವುದಿಲ್ಲ, ಅವರಿಗೆ ಫೋನಿನಲ್ಲಿ ಏನು ಹೇಳುತ್ತೀರಿ? ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಮೊದಲು ತಮ್ಮ ವಿಳಾಸ ಹೇಳಿದರು, ಆಮೇಲೆ ಗೆಳೆಯರ ವಿಳಾಸ ಹೇಳಿದರು, ಆಮೇಲೆ ದಿನಾಂಕ. ‘ರೆಸ್ಪೆಕ್ಟೆಡ್ ಸರ್, ವಿತ್ ರೆಫರೆನ್ಸ್ ಟು ಯುವರ್ ಕೈಂಡ್ ಇನ್ವಿಟೇಷನ್’ ಎನ್ನುವಷ್ಟರಲ್ಲಿ ‘ಟೈಮ್ ಈಸ್ ಅಪ್’ ಎಂದು ದನಿ ಕಡಿದುಕೊಂಡಿತು. ಪತ್ರಕ್ಕೆ ಸಹಿ ಹಾಕಲೂ ಬಿಡಲಿಲ್ಲವಲ್ಲ ಎಂದು ಮೇಷ್ಟ್ರಿಗೆ ಬೇಸರವಾಯಿತು.

ಸಂಜೆ ಐದಕ್ಕೆ ಗೋಡೆಗೆ ಪಟ್ಟಿ ಅಂಟಿಸಿದರು. ಹೊನ್ನಯ್ಯ ಮೇಷ್ಟ್ರು ನಾಲ್ಕನೇ ಮಟ್ಟದ ಪಟ್ಟಿಯನ್ನು ಎರಡು ಸಲ ನೋಡಿದರು. ಟೈಪು ಮಾಡುವವರು ಹೆಸರು ಬಿಟ್ಟಿರಬೇಕು ಎಂದುಕೊಂಡು ಮೂರನೆಯದಕ್ಕೆ ಇಳಿದರು. ಅಲ್ಲಿ ಶಶಿಧರನ ಹೆಸರಿತ್ತು. ಎರಡನೆಯದರಲ್ಲೂ ತಮ್ಮ ಹೆಸರಿಲ್ಲದಿದ್ದಾಗ ಗೋಡೆಗೆ ಇನ್ನಷ್ಟು ಹತ್ತಿರ ಸರಿದರು. ಒಂದನೇ ಮಟ್ಟದಲ್ಲಿ, ಹೋದ ವರ್ಷವಷ್ಟೇ ಕೆಲಸಕ್ಕೆ ಸೇರಿದ ಇಬ್ಬರು ಪ್ರೈಮರಿ ಮೇಡಂಗಳ ಹೆಸರಿನ ನಡುವೆ ಅವರಿದ್ದರು. ವ್ಯಾಕರಣ ನಲವತ್ತಕ್ಕೆ ನಲವತ್ತು. ಸಹಜ ಮಾತುಗಾರಿಕೆ ನಲವತ್ತಕ್ಕೆ ಏಳು. ಎರಡರಲ್ಲಿ ಯಾವುದು ಕಡಿಮೆಯೋ ಅದರ ಮೇಲೆ ಮಟ್ಟ ಎಂದು ಕೆಳಗೆ ಬರೆದಿತ್ತು.

ಶಶಿಧರ ತಪ್ಪು ಮಾಡಿದವನ ಹಾಗೆ ತಲೆ ಕೆರೆದುಕೊಂಡ. ‘ನಂದೇನೂ ಇಲ್ಲ ಮೇಷ್ಟ್ರೇ. ಕ್ರಿಕೆಟ್ ಕಾಮೆಂಟ್ರಿ ಕೇಳ್ತಿದ್ನಲ್ಲ, ಅದೇ ಬಾಯಿಗ್ ಬಂತು. ಬೆಳಗ್ಗೆ ಎಂಗಿತ್ತು ಅಂದ್ಲು, “ಬ್ಯೂಟಿಫುಲ್ ಕಂಡೀಷನ್ಸ್ ಹಿಯರ್ ಇನ್ ಮಂಡ್ಯ” ಅಂದ್ಬುಟ್ಟೆ. ಅದುಕ್ಕೂ ಮಾರ್ಕ್ಸ್ ಕೊಟ್ಟವ್ರೆ ನೋಡಿ.’

ಬಸ್ಸಿನಲ್ಲಿ ಮಳವಳ್ಳಿಯವರೆಗೂ ಮೇಷ್ಟ್ರು ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದರು. ಮನೆಗೆ ಬಂದವರು ಮುಚ್ಚಿಡಲಾಗದೆ ಎಲ್ಲವನ್ನೂ ಹೇಳಿದರು.

ಕುಸುಮ ಯಂತ್ರದ ಚಕ್ರ ನಿಲ್ಲಿಸಿ ಕೇಳಿದಳು: ‘ಸಹಜ ಅಂದ್ರೆ ಏನ್ರೀ?’

‘ಅದೇ, ಮನುಷ್ಯರು ಮಾತಾಡೋ ಥರ.’

‘ಅಂಗಾದ್ರೆ ಇಷ್ಟು ವರ್ಸ ನೀವು ಯಾರ ಥರ ಏಳ್ಕೊಡ್ತಿದ್ರಿ?’

ನಾಲ್ಕು ವಾರ ಬಿಟ್ಟು, ಬೇಕೆಂದವರಿಗೆ ಇನ್ನೊಂದು ಸಲ ಪರೀಕ್ಷೆ ಕೊಡುತ್ತಾರಂತೆ ಎಂದಷ್ಟೇ ಮೇಷ್ಟ್ರು ಹೇಳಿದರು. ಕುಸುಮ ಸ್ವಲ್ಪ ಹೊತ್ತು ಬಾಯಲ್ಲಿ ದಾರ ಕಚ್ಚಿಕೊಂಡು ಯೋಚಿಸಿದಳು. ‘ನಿಮ್ ಅರ್ಪಿತನ್ನ ಕೇಳ್ಬಾರ್ದಾ? ನಿಡಘಟ್ಟದತ್ರ ಹೈವೇ ಓಟ್ಲಲ್ಲಿ ಬಿಲ್ ಹಾಕ್ತಾಳೆ. ಅವ್ರವ್ವ ಬ್ಲೌಸ್ ಒಲಿಸಕ್ ಬಂದಾಗ ಏಳ್ತಿದ್ಲು, ಇಂಗ್ಲೀಸು ಅಂದ್ರೆ ಪುರಿ ಉದುರ್ದಂಗೆ ಉದುರುಸ್ತಾಳಂತೆ.’

‘ಯಾವ ಅರ್ಪಿತ?’ ಎಂದರು ಮೇಷ್ಟ್ರು. ಆದರೆ ಕೇಳುವಾಗಲೇ ಗೊತ್ತಾಗಿತ್ತು.

ಆರು ವರ್ಷದ ಹಿಂದೆ ಹತ್ತನೇ ಕ್ಲಾಸಿನಲ್ಲಿದ್ದ ಹುಡುಗಿ. ಹೋಂವರ್ಕ್ ಎಲ್ಲಿ ಎಂದರೆ, ಫೋನಿನ ವಿಡಿಯೋಗಳಲ್ಲಿ ಕಲಿತದ್ದನ್ನು ಕ್ಲಾಸಿನ ನಡುವೆ ನಿಂತು ‘ಐ ಟೋಟಲಿ ಫರ್ಗಾಟ್ ಸರ್, ಮೈ ಬ್ಯಾಡ್’ ಎಂದಿದ್ದಳು. ಮೇಷ್ಟ್ರಿಗೆ ಅದು ಇಂಗ್ಲಿಷ್ ತಾಯಿಯ ಸೆರಗು ಹಿಡಿದೆಳೆದ ಹಾಗೆ ಕಂಡಿತ್ತು. ‘ಬ್ಯಾಡ್ ಎನ್ನುವುದು ವಿಶೇಷಣ, ಅದರ ಮುಂದೆ ಮೈ ಹೇಗೆ ಬಂತು?’ ಎಂದು ಗುಡುಗಿ, ಸರಿಯಾದ ವಾಕ್ಯವನ್ನು ನೂರು ಸಲ ಬರೆಸಿದ್ದರು. ಅಷ್ಟಕ್ಕೇ ನಿಲ್ಲಿಸದೆ, ‘ನೀನು ಈ ಜನ್ಮದಲ್ಲಿ ಇಂಗ್ಲಿಷ್ ಪಾಸಾಗಲ್ಲ’ ಎಂದೂ ಅಂದಿದ್ದರು. ಅವಳು ಉಳಿದ ಎಲ್ಲ ವಿಷಯ ಪಾಸಾಗಿ ಇಂಗ್ಲಿಷ್ ಒಂದರಲ್ಲಿ ನಪಾಸಾದಾಗ ತಮ್ಮ ಮಾತು ನಿಜವಾಯಿತೆಂದು ಮೇಷ್ಟ್ರಿಗೆ ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಆಗಿತ್ತು. ಈಗ ಆ ಹೆಮ್ಮೆಯ ನೆನಪು ಮೀನಿನ ಮುಳ್ಳಿನ ಹಾಗೆ ಚುಚ್ಚಿತು.

ಎರಡು ದಿನ ಮಾನದ ಜೊತೆ ಗುದ್ದಾಡಿ, ಭಾನುವಾರ ಮಳವಳ್ಳಿಯಿಂದ ಮದ್ದೂರಿಗೆ ಒಂದು ಬಸ್ಸು, ಮದ್ದೂರಿನಿಂದ ನಿಡಘಟ್ಟಕ್ಕೆ ಇನ್ನೊಂದು ಬಸ್ಸು ಹಿಡಿದು ಹೋದರು. ಹೋಟೆಲಿನ ಕೌಂಟರಿನ ಮುಂದೆ ಸಾಲಿತ್ತು. ಅರ್ಪಿತ ಯಾರಿಗೋ, ‘ಹೇ, ಸೋ ಸಾರಿ ಅಬೌಟ್ ದಿ ವೇಟ್! ಜಸ್ಟ್ ಟೂ ಮಿನಿಟ್ಸ್, ಓಕೆ?’ ಎನ್ನುತ್ತಿದ್ದಳು. ವಾಕ್ಯದಲ್ಲಿ ಕರ್ತೃವೂ ಇಲ್ಲ, ಕ್ರಿಯೆಯೂ ಇಲ್ಲ. ಆದರೂ ಕಾಯುತ್ತಿದ್ದಾತ ನಕ್ಕು ಪಕ್ಕಕ್ಕೆ ಸರಿದು ನಿಂತ.

ಮೇಷ್ಟ್ರ ಸರದಿ ಬಂದಾಗ ಅವಳು ತಲೆಯೆತ್ತಿ ನೋಡಿ, ಅದುಮಿದ ಸ್ಪ್ರಿಂಗು ಬಿಟ್ಟ ಹಾಗೆ ನೆಟ್ಟಗೆ ನಿಂತು, ‘ಗುಡ್ ಮಾರ್ನಿಂಗ್ ಸಾ…ರ್’ ಎಂದು ಶಾಲೆಯ ರಾಗದಲ್ಲೇ ಹೇಳಿದಳು.

‘ಆಫ್ಟರ್‌ನೂನ್,’ ಎಂದರು ಮೇಷ್ಟ್ರು. ಕಲಿಯಲು ಬಂದವರು ಬಾಯಿ ಬಿಟ್ಟ ಮೊದಲ ಮಾತೇ ತಿದ್ದುಪಡಿ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು.

ಸಾಲು ಕರಗಿದ ಮೇಲೆ ಅರ್ಪಿತ ಅವರನ್ನು ಮೂಲೆಯ ಮೇಜಿಗೆ ಕರೆದೊಯ್ದು ಕಾಫಿ ತರಿಸಿದಳು. ಮೇಷ್ಟ್ರು ಸುತ್ತಿ ಬಳಸಿ ವಿಷಯ ಹೇಳಿದರು. ಏಳು ಅಂಕ ಎಂದಾಗ ಅವಳ ತುಟಿ ಅದುರಿದ್ದು ಕಂಡಿತು. ನಗಲಿಲ್ಲ; ಅಷ್ಟು ದೊಡ್ಡತನ ಅವಳಿಗಿತ್ತು.

‘ನಗಮ್ಮ, ಪರ್ವಾಗಿಲ್ಲ,’ ಎಂದರು ಮೇಷ್ಟ್ರು. ‘ನನಗೂ ಬಸ್ಸಲ್ಲಿ ಬರ್ತಾ ಸ್ವಲ್ಪ ಬಂತು.’

ಆಗ ಅವಳು ಬಾಯಿ ತುಂಬ ನಕ್ಕಳು. ನಕ್ಕು ಮುಗಿಸಿ, ‘ಏಳ್ಕೊಡ್ತೀನಿ ಸಾ. ಆದ್ರೆ ನಂಗೂ ಒಂದ್ ಕೆಲ್ಸ ಆಗ್ಬೇಕು,’ ಎಂದಳು. ಹೋಟೆಲಿನವರು ಮೈಸೂರಿನ ಹತ್ತಿರ ಇನ್ನೊಂದು ಶಾಖೆ ತೆರೆಯುತ್ತಿದ್ದರು. ಅಲ್ಲಿಗೆ ಸೂಪರ್‌ವೈಸರ್ ಆಗಿ ಇವಳನ್ನೇ ಕಳಿಸುವ ಮನಸ್ಸು ಅವರಿಗೆ. ಆದರೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಇವಳು ಆಮೇಲೂ ಎರಡು ಸಲ ಇಂಗ್ಲಿಷ್ ಪರೀಕ್ಷೆ ಕಟ್ಟಿ ಎರಡು ಸಲವೂ ಬಿದ್ದಿದ್ದಳು. ಮುಂದಿನ ತಿಂಗಳು ಮತ್ತೆ ಪರೀಕ್ಷೆ. ‘ಬಾಯಿಗ್ ಬರೋದು ಬೆರಳಿಗ್ ಬರಕಿಲ್ಲ ಸಾ. ಲೀವ್ ಲೆಟ್ರು ಬರಿ ಅಂದ್ರೆ “ಹಾಯ್ ಸರ್, ಕಾಂಟ್ ಮೇಕ್ ಇಟ್ ಟುಡೇ” ಅಂತ ಬರ್ದುಬುಟ್ಟಿದ್ದೆ. ಸ್ಪೆಲ್ಲಿಂಗೂ ತಪ್ಪು.’

ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟರು. ಇಂಗ್ಲಿಷ್ ಆಡಬಲ್ಲ ಹುಡುಗಿ ಇಂಗ್ಲಿಷಿನಲ್ಲಿ ನಪಾಸು. ಆಡಲಾರದ ತಾವು ಇಪ್ಪತ್ತಾರು ವರ್ಷದಿಂದ ಅದರ ಸಂಬಳ ಉಣ್ಣುತ್ತಿರುವವರು. ‘ಅವತ್ತು ನಾನು ಆ ಮಾತು ಆಡಬಾರದಿತ್ತು ಕಣಮ್ಮ,’ ಎಂದರು. ಯಾವ ಮಾತು ಎಂದು ಅವಳು ಕೇಳಲಿಲ್ಲ. ‘ಬುಡಿ ಸಾ, ಕಾಪಿ ಆರೋಯ್ತದೆ,’ ಎಂದಳು.

ಅಂದಿನಿಂದ ಪ್ರತಿ ಭಾನುವಾರ, ಮತ್ತೆ ಶನಿವಾರ ಶಾಲೆ ಬಿಟ್ಟ ಮೇಲೆ, ಮೇಷ್ಟ್ರು ಆ ಮೂಲೆಯ ಮೇಜಿನಲ್ಲಿ ಹಾಜರು. ಮೊದಲ ಎರಡು ದಿನ ಬಾಯಿ ತೆರೆಯಬಾರದು, ಬರೀ ಕೇಳಬೇಕು ಎಂಬುದು ಅರ್ಪಿತಳ ಕಟ್ಟಪ್ಪಣೆ. ಊಟಿಗೆ ಹೊರಟ ಹಿಂದಿಯವರು, ಮೈಸೂರಿಗೆ ಹೊರಟ ಬೆಂಗಳೂರಿನವರು, ಯಾರ ಭಾಷೆಯೂ ಯಾರಿಗೂ ಪೂರಾ ಬಾರದವರೆಲ್ಲ ಅಲ್ಲಿ ಇಂಗ್ಲಿಷಿನಲ್ಲಿ ಇಡ್ಲಿ ತಿನ್ನುತ್ತಿದ್ದರು. ಸಾಂಬಾರ್ ಬಕೆಟ್ ಹಿಡಿದು ಬಂದವನಿಗೆ ಒಬ್ಬಾಕೆ ಕೈ ಅಡ್ಡ ಹಿಡಿದು ‘ಐ ಆಮ್ ಗುಡ್’ ಎಂದಳು. ಒಂದು ಸೌಟು ಸಾಂಬಾರಿನ ಎದುರು ಯಾಕಪ್ಪ ತನ್ನ ಸದ್ಗುಣದ ಮಾತು ತೆಗೆದಳು ಎಂದು ಮೇಷ್ಟ್ರಿಗೆ ಆಶ್ಚರ್ಯವಾಯಿತು.

‘ಸಾಕು ಅಂತ ಸಾ,’ ಎಂದಳು ಅರ್ಪಿತ.

‘ಸಾಕು ಅನ್ನೋಕೆ “ಐ ಡು ನಾಟ್ ರಿಕ್ವೈರ್ ಎನಿ ಮೋರ್” ಅನ್ಬೇಕಲ್ಲಮ್ಮ?’

‘ಅಷ್ಟೇಳೋ ಹೊತ್ಗೆ ಸಾಂಬಾರು ತಟ್ಟೆಗ್ ಬಿದ್ದಿರ್ತದೆ.’

ಮೇಷ್ಟ್ರು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ‘ಕ್ಯಾನ್ ಐ ಗೆಟ್ ಅ ಕಾಫಿ’ ಎಂದವನನ್ನೂ ಬರೆದುಕೊಂಡರು. ‘ಮೇ ಐ ಹ್ಯಾವ್’ ಆಗಬೇಕಿತ್ತು ಎಂದು ಪಕ್ಕದಲ್ಲಿ ಕೆಂಪಿನಲ್ಲಿ ತಿದ್ದಿಯೂ ಇಟ್ಟರು. ಅರ್ಪಿತ ಅದನ್ನು ನೋಡಿ, ‘ತಪ್ಪೇಳುದ್ರೂ ಅವ್ನಿಗೆ ಕಾಪಿ ಬಂತಲ್ಲ ಸಾ,’ ಎಂದು ಕೆಂಪು ಪೆನ್ನನ್ನು ಕೌಂಟರಿನ ಡ್ರಾಯರಿಗೆ ಹಾಕಿಕೊಂಡಳು.

ಗಿರಾಕಿಗಳು ಕಡಿಮೆಯಾದ ಹೊತ್ತಿನಲ್ಲಿ ಪಾತ್ರ ಅದಲುಬದಲು. ಮೇಷ್ಟ್ರು ಗುರುವಾಗುತ್ತಿದ್ದರು. ಬಿಲ್ಲಿನ ಕಾಗದದ ಹಿಂಬದಿಯಲ್ಲಿ ಅರ್ಪಿತ ಜ್ವರ ಬಂದಿರುವುದರಿಂದ ಎರಡು ದಿನ ರಜೆ ದಯಪಾಲಿಸಬೇಕೆಂದು ಹೆಡ್‌ಮಾಸ್ತರರನ್ನು ಬೇಡಿಕೊಳ್ಳುವ ಪತ್ರ ಬರೆಯುತ್ತಿದ್ದಳು. ‘ನಾನ್ಯಾವತ್ ಇಂಗ್ ಮಾತಾಡಿವ್ನಿ ಸಾ? ಜರ ಬಂದೋರು ಇಷ್ಟುದ್ದ ಬರೀತಾರಾ?’ ಎಂದು ಗೊಣಗುತ್ತಿದ್ದಳು. ‘ಇದು ಮಾತಲ್ಲ ಕಣಮ್ಮ. ಇದು ಮದುವೆಗೆ ಹೋಗುವಾಗ ಉಡೋ ಸೀರೆ. ಮನೇಲಿ ಉಡಬೇಡ, ಪರೀಕ್ಷೆಗೆ ಮಾತ್ರ ಉಟ್ಕೊಂಡ್ ಹೋಗು,’ ಎಂದರು ಮೇಷ್ಟ್ರು. ಹೇಳಿದ ಮೇಲೆ, ತಾವು ಇಷ್ಟು ವರ್ಷ ಮಕ್ಕಳಿಗೆ ಆ ಸೀರೆಯನ್ನೇ ಉಡಿಸಿ ಗದ್ದೆಗೆ ಇಳಿಸುತ್ತಿದ್ದೆವಲ್ಲ ಎನ್ನಿಸಿತು. ಸ್ಪೆಲ್ಲಿಂಗಿಗೆ ಅವರ ಬಳಿ ಒಳ್ಳೆಯ ಉಪಾಯಗಳಿದ್ದವು. ಅದರಲ್ಲಿ ಅವರು ಮೊದಲಿನಿಂದಲೂ ಗಟ್ಟಿಗರೇ. ಅರ್ಪಿತಳ ಬೆರಳಿಗೆ ಮೆಲ್ಲಗೆ ಬರತೊಡಗಿತು.

ಮೂರನೇ ಭಾನುವಾರ ಅರ್ಪಿತ ಒಳಗೆ ಅಡುಗೆಮನೆಯಲ್ಲಿದ್ದಾಗ, ಕಾರಿನಿಂದ ಇಳಿದ ಹೆಂಗಸೊಬ್ಬಳು ಮಗುವನ್ನು ಎತ್ತಿಕೊಂಡು ಕೌಂಟರಿಗೆ ಓಡಿಬಂದಳು. ಮಗು ಮೈಮೇಲೆಲ್ಲ ವಾಂತಿ ಮಾಡಿಕೊಂಡು ಬಿಳಿಚಿಕೊಂಡಿತ್ತು. ಅವಳು ಗಾಬರಿಯಲ್ಲಿ ಇಂಗ್ಲಿಷಿನಲ್ಲಿ ಏನೇನೋ ಕೇಳುತ್ತಿದ್ದಳು. ಮೇಷ್ಟ್ರು ಎದ್ದರು. ‘ಕಮ್, ಕಮ್. ಸಿಟ್ ಹಿಯರ್. ವಾಟರ್ ಫಸ್ಟ್. ಸ್ಲೋಲಿ, ಸ್ಲೋಲಿ. ಹೌ ಮೆನಿ ಟೈಮ್ಸ್? ಓಕೆ. ಡೋಂಟ್ ವರಿ. ಡಾಕ್ಟರ್ ಈಸ್ ಇನ್ ಮದ್ದೂರ್, ಟೆನ್ ಮಿನಿಟ್ಸ್,’ ಎನ್ನುತ್ತ, ಹೆಗಲ ಮೇಲಿನ ಟವೆಲನ್ನು ಒದ್ದೆ ಮಾಡಿ ಮಗುವಿನ ಮುಖ ಒರೆಸಿದರು. ಸ್ವಲ್ಪ ಹೊತ್ತಿಗೆ ಮಗು ಸುಧಾರಿಸಿಕೊಂಡು ಬಿಸ್ಕತ್ತು ಕೇಳಿತು. ಹೆಂಗಸು ಮೇಷ್ಟ್ರ ಎರಡೂ ಕೈ ಹಿಡಿದುಕೊಂಡು ಉಪಕಾರ ಹೇಳಿ ಹೋದಳು.

ಅಡುಗೆಮನೆಯ ಬಾಗಿಲಲ್ಲಿ ನಿಂತು ಅರ್ಪಿತ ಎಲ್ಲವನ್ನೂ ನೋಡಿದ್ದಳು. ‘ಸಾ, ಅದೇ ಕಣ್ ಸಾ! ಇನ್ನೇನೂ ಬ್ಯಾಡ, ಪರೀಕ್ಸೇಲೂ ಇಂಗೇ ಮಾತಾಡಿ.’

‘ಅದೇನ್ ಇಂಗ್ಲಿಷಮ್ಮ? ಅರ್ಧ ವಾಕ್ಯಕ್ಕೆ ಕ್ರಿಯಾಪದವೇ ಇರಲಿಲ್ಲ,’ ಎಂದು ಮೇಷ್ಟ್ರು ನಾಚಿಕೊಂಡರು.

ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ನಾಯಿಬಾಲಕ್ಕೆ ದಬ್ಬೆ ಕಟ್ಟಿದ ಕತೆ. ಮನೆಗೆ ಬಂದು ನೋಟ್‌ಬುಕ್ ಬಿಡಿಸಿದವರು, ಮೂರು ವಾರ ಕೇಳಿದ್ದನ್ನೆಲ್ಲ ಸ್ಕೇಲು ಹಿಡಿದು ಗೆರೆ ಎಳೆದು ಪಟ್ಟಿ ಮಾಡಿದರು: ‘ಸಹಜ ಇಂಗ್ಲಿಷ್ — ನಲವತ್ತೆರಡು ನಿಯಮಗಳು’. ಸ್ನಾನದ ಮನೆಯಲ್ಲಿ, ಬಸ್ಸಿನಲ್ಲಿ, ಮುದ್ದೆ ನುಂಗುವಾಗ, ನಲವತ್ತೆರಡನ್ನೂ ಮಗ್ಗಿಯ ಹಾಗೆ ಬಾಯಿಪಾಠ ಮಾಡಿದರು. ‘ನೋ ವರೀಸ್, ಸೌಂಡ್ಸ್ ಗುಡ್, ಮೈ ಬ್ಯಾಡ್, ಯು ನೋ ವಾಟ್’ ಎಂದು ಗಂಡ ಗೊಣಗುವುದನ್ನು ಕೇಳಿ ಕೇಳಿ ಕುಸುಮಳೂ ಕಲಿತುಬಿಟ್ಟಳು. ಬ್ಲೌಸಿನ ತೋಳು ಬಿಗಿಯಾಯಿತೆಂದು ಬಂದ ನೆರೆಯಾಕೆಗೆ ‘ಮೈ ಬ್ಯಾಡು’ ಎಂದಳು. ಹೇಳಿದ ರೀತಿ ಮೇಷ್ಟ್ರಿಗಿಂತ ಸಹಜವಾಗಿತ್ತು.

ಎರಡನೇ ಸಲದ ಪರೀಕ್ಷೆಗೆ ಕಂಪ್ಯೂಟರ್ ಇರಲಿಲ್ಲ. ಎದುರಿಗೆ ಕೂತು ಮಾತಾಡಬೇಕಿತ್ತು. ಮಂಡ್ಯದ ಆ ಕೋಣೆಯಲ್ಲಿ ಮೇಷ್ಟ್ರು ಇಪ್ಪತ್ತು ನಿಮಿಷ ಒಬ್ಬರೇ ಕಾದರು. ಆಮೇಲೆ ಮೂವತ್ತೈದರ ಆಸುಪಾಸಿನ ಹೆಂಗಸೊಬ್ಬರು ಫೈಲು ಹಿಡಿದು ಬಂದು, ತಮ್ಮ ಹೆಸರು ವೀಣಾ ಎಂದು ಹೇಳಿ, ‘ಹಾಯ್, ಹೌ ಆರ್ ಯು ಡೂಯಿಂಗ್?’ ಎಂದರು.

ಇದಕ್ಕೇ ಅಲ್ಲವೇ ಕಾದಿದ್ದದ್ದು! ಮೇಷ್ಟ್ರು ಕಟ್ಟೆ ಒಡೆದ ಕೆರೆಯಾದರು. ‘ಐ ಆಮ್ ಗುಡ್! ನೋ ವರೀಸ್! ಹೌ ಅಬೌಟ್ ಯು ಗೈಸ್?’

ಕೋಣೆಯಲ್ಲಿ ಗೈಸ್ ಯಾರೂ ಇರಲಿಲ್ಲ, ಒಬ್ಬರೇ ಇದ್ದರು. ಅವರು ಮುಗುಳ್ನಕ್ಕು, ತಡವಾದದ್ದಕ್ಕೆ ಕ್ಷಮಿಸಿ, ಅಮ್ಮ ಆಸ್ಪತ್ರೆಯಲ್ಲಿದ್ದಾರೆ, ಅಲ್ಲಿಂದಲೇ ಬಂದೆ ಎಂದು ಇಂಗ್ಲಿಷಿನಲ್ಲಿ ಹೇಳಿದರು.

‘ಸೌಂಡ್ಸ್ ಗುಡ್!’ ಎಂದರು ಮೇಷ್ಟ್ರು.

ಹದಿನೇಳನೇ ನಿಯಮ. ಎದುರಿನವರು ಏನಾದರೂ ಹೇಳಿ ನಿಲ್ಲಿಸಿದಾಗ ಬಳಸತಕ್ಕದ್ದು.

ವೀಣಾ ಅವರ ಮುಗುಳ್ನಗೆ ನಿಂತಿತು. ಅದು ನಿಂತದ್ದು ಕಂಡ ಮೇಲೆ, ಏನು ಹೇಳಿದೆನೆಂದು ಮೇಷ್ಟ್ರಿಗೆ ಹೊಳೆಯಿತು. ಉಳಿದ ನಲವತ್ತೊಂದು ನಿಯಮಗಳೂ ಬಾಗಿಲು ತೆರೆದ ಕೊಟ್ಟಿಗೆಯ ಕರುಗಳ ಹಾಗೆ ದಿಕ್ಕಾಪಾಲಾಗಿ ಓಡಿಹೋದವು. ಅವರು ಮುಖವನ್ನು ಎರಡೂ ಕೈಗಳಲ್ಲಿ ಮುಚ್ಚಿಕೊಂಡರು.

‘ಸಾರಿ ಮೇಡಂ,’ ಎಂದರು ಕೈಗಳ ಒಳಗಿಂದಲೇ. ಆಮೇಲೆ ಮುಖ ತೆರೆದು, ತುಂಡು ತುಂಡು ಇಂಗ್ಲಿಷಿನಲ್ಲಿ, ತಡವರಿಸುತ್ತ ಹೇಳಿದರು: ನಾನು ಹೆದರಿದ್ದೇನೆ. ಮಾತುಗಳನ್ನು ಬಾಯಿಪಾಠ ಮಾಡಿಕೊಂಡು ಬಂದೆ. ಅದು ಬಾಯಿಗೆ ಬಂದುಬಿಟ್ಟಿತು. ತುಂಬ ಕೆಟ್ಟದ್ದಾಯಿತು. ‘ಹೌ ಈಸ್ ಯುವರ್ ಮದರ್?’

ವೀಣಾ ಅವರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. ಮೊಣಕಾಲಿನ ಆಪರೇಷನ್, ನಿನ್ನೆ ಆಯಿತು, ಈಗ ಪರವಾಗಿಲ್ಲ, ಆದರೆ ಆಸ್ಪತ್ರೆಯ ಊಟ ಮುಟ್ಟುತ್ತಿಲ್ಲ ಎಂದರು. ಮೇಷ್ಟ್ರಿಗೆ ತಮ್ಮ ಅತ್ತೆಯ ಮೊಣಕಾಲಿನ ನೆನಪಾಯಿತು. ಅವರೂ ಹಾಗೇ ಹಟ ಮಾಡಿದ್ದರು. ಮನೆಯಿಂದ ಹುರುಳಿಕಾಳಿನ ಬಸ್ಸಾರು ಕದ್ದು ಒಯ್ದು ಕೊಟ್ಟ ಮೇಲೆಯೇ ತಿಂದದ್ದು. ಬಸ್ಸಾರಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೋ ತಿಳಿಯದೆ ಬಸ್ಸಾರು ಎಂದೇ ಹೇಳಿದರು. ನರ್ಸಮ್ಮ ಹಿಡಿದದ್ದು, ಅತ್ತೆ ಟಿಫನ್ ಡಬ್ಬಿಯನ್ನು ಕಂಬಳಿಯೊಳಗೆ ಬಚ್ಚಿಟ್ಟದ್ದು, ಸಾರು ಚೆಲ್ಲಿ ಹಾಸಿಗೆಯೆಲ್ಲ ಬೆಳ್ಳುಳ್ಳಿ ವಾಸನೆಯಾದದ್ದು, ಎಲ್ಲವನ್ನೂ ಹೇಳಿದರು. ಕಾಲಗಳು ಹಿಂದುಮುಂದಾದವು. ಒಂದು ಕಡೆ ‘ಷಿ ಹೈಡ್ ದಿ ಬಾಕ್ಸ್’ ಎಂದರು, ತಪ್ಪು ಎಂದು ಗೊತ್ತಾಯಿತು, ಆದರೂ ಹಿಂದಿರುಗಿ ತಿದ್ದಲು ಪುರುಸೊತ್ತಾಗಲಿಲ್ಲ. ನರ್ಸಮ್ಮ ಆಗಲೇ ಬಾಗಿಲಿಗೆ ಬಂದಾಗಿತ್ತು. ವೀಣಾ ಅವರು ಬಾಯಿಗೆ ಕರ್ಚೀಫು ಹಿಡಿದು ನಗುತ್ತಿದ್ದರು, ನಡುನಡುವೆ ಆಮೇಲೆ, ಆಮೇಲೆ ಎಂದು ಕೇಳುತ್ತಿದ್ದರು.

ಸ್ವಲ್ಪ ಹೊತ್ತಿನ ಮೇಲೆ ಅವರು ಗಡಿಯಾರ ನೋಡಿ, ‘ಓಕೆ ಸರ್, ವಿ ಆರ್ ಡನ್,’ ಎಂದು ಫೈಲು ಮುಚ್ಚಿದರು.

‘ಬಟ್ ಮೇಡಂ, ಟೆಸ್ಟ್?’ ಎಂದರು ಮೇಷ್ಟ್ರು. ಪ್ರಶ್ನೆಗಳನ್ನು ಅವರು ಇನ್ನೂ ಕಾಯುತ್ತಲೇ ಇದ್ದರು.

ಫಲಿತಾಂಶ ಮೂರು ದಿನದ ಮೇಲೆ ಬಂತು. ಸಹಜ ಮಾತುಗಾರಿಕೆ ನಲವತ್ತಕ್ಕೆ ಇಪ್ಪತ್ತೆರಡು. ಎರಡನೇ ಮಟ್ಟ. ಶಶಿಧರನಿಗಿಂತ ಒಂದು ಮೆಟ್ಟಿಲು ಕೆಳಗೆ. ಮೇಷ್ಟ್ರಿಗೆ ಒಳಗೆ ಸಣ್ಣದೊಂದು ಮುನಿಸು ಹುಟ್ಟಿದ್ದು ನಿಜ. ಅಷ್ಟು ನಗಿಸಿದ್ದಕ್ಕೆ ಇನ್ನೆರಡು ಅಂಕ ಹಾಕಬಹುದಿತ್ತು ಎಂದು ಕುಸುಮಳ ಹತ್ತಿರ ಅಂದರು. ‘ಏಳ್ರಿಂದ ಇಪ್ಪತ್ತೆರಡಾಯ್ತಲ್ರೀ. ನೀವು ಮಕ್ಕಳಿಗೆ ಯಾವತ್ತಾರ ಅಷ್ಟ್ ಧಾರಾಳ್ವಾಗ್ ಕೊಟ್ಟಿದ್ರಾ?’ ಎಂದಳು ಅವಳು. ಮಾರನೇ ದಿನ ಹತ್ತನೇ ಕ್ಲಾಸಿನಲ್ಲಿ ಮೇಷ್ಟ್ರು ತಮ್ಮ ಎರಡೂ ಸಲದ ಅಂಕಗಳನ್ನು ತಾವಾಗಿಯೇ ಹೇಳಿದರು. ಮಕ್ಕಳು ಮೊದಲು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇದು ನಗಬೇಕಾದ ವಿಷಯವೋ, ಏಟು ಬೀಳುವ ವಿಷಯವೋ ತಿಳಿಯಲಿಲ್ಲ. ಮೇಷ್ಟ್ರೇ ಮೊದಲು ನಕ್ಕರು. ಆಮೇಲೆ ಇಡೀ ಕ್ಲಾಸು ನಕ್ಕಿದ್ದು ಹೆಡ್‌ಮಾಸ್ತರರ ಕೋಣೆಯವರೆಗೂ ಕೇಳಿತಂತೆ.

ತರಬೇತಿಯ ಹದಿನೈದು ದಿನ ಮುಗಿದು ಕೆಲವು ವಾರಕ್ಕೆ ಅರ್ಪಿತಳ ಫಲಿತಾಂಶವೂ ಬಂತು. ಇಂಗ್ಲಿಷಿನಲ್ಲಿ ಐವತ್ತೊಂದು. ಮೇಷ್ಟ್ರು ಶಾಲೆಗೆ ಅರ್ಧ ದಿನ ರಜೆ ಹಾಕಿ ನಿಡಘಟ್ಟಕ್ಕೆ ಹೋದರು. ಅರ್ಪಿತ ಹೋಟೆಲಿನ ಮೈಸೂರು ಪಾಕನ್ನು ತಟ್ಟೆಯಲ್ಲಿಟ್ಟು ತಂದು, ಎದುರಿಗೆ ನಿಂತು ಅವರು ತಿನ್ನುವವರೆಗೂ ಕದಲಲಿಲ್ಲ. ಅವಳ ಕಣ್ಣು ಒದ್ದೆಯಾಗಿತ್ತು, ಮೇಷ್ಟ್ರದೂ ಆಗಿತ್ತು. ಅದನ್ನು ಮರೆಮಾಚಲು ಅವರು ಮೈಸೂರು ಪಾಕಿಗೆ ತುಪ್ಪ ಸ್ವಲ್ಪ ಜಾಸ್ತಿಯಾಯಿತು ಎಂದರು.

‘ಬರೋ ಸೋಮ್ವಾರ ಮೈಸೂರ್ಗೋಯ್ತೀನಿ ಸಾ. ಒಂದೇ ಯೋಚ್ನೆ ನಂಗೆ. ಅಲ್ಲಿ ಕೇರಳದೋರೇ ಜಾಸ್ತಿ ಬತ್ತಾರಂತೆ. ಮಲ್ಯಾಳ ಕಲೀಬೇಕು.’

‘ಅದಕ್ಕೇನ್ ಯೋಚನೆ? ನನಗೂ ಬರಲ್ಲ. ಆದರೆ ಒಂದು ಒಳ್ಳೆ ವ್ಯಾಕರಣದ ಪುಸ್ತಕ ಸಿಕ್ಕರೆ…’

‘ಬ್ಯಾಡ ಸಾ!’ ಎಂದು ಅರ್ಪಿತ ಎಷ್ಟು ಜೋರಾಗಿ ಕೂಗಿದಳೆಂದರೆ, ಪಕ್ಕದ ಮೇಜಿನವರು ತಿರುಗಿ ನೋಡಿದರು. ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಕಿಟಕಿಯ ಪಕ್ಕದಲ್ಲಿ ಕಣ್ಣೂರಿನ ಕಡೆಯ ಇಬ್ಬರು ಲಾರಿ ಚಾಲಕರು ಪರೋಟ ಮುರಿಯುತ್ತ ಮಲಯಾಳದಲ್ಲಿ ಜೋರಾಗಿ ಯಾವುದೋ ವಿಷಯಕ್ಕೆ ಜಗಳವಾಡುತ್ತಿದ್ದರು. ಅಥವಾ ಪ್ರೀತಿಯಿಂದಲೇ ಮಾತಾಡುತ್ತಿದ್ದರೋ ಏನೋ, ಯಾರಿಗೆ ಗೊತ್ತು. ‘ಬನ್ನಿ ಸಾ, ಅವ್ರತ್ರ ಕುಂತ್ಕಂಡು ಕೇಳಾಣ,’ ಎಂದಳು ಅರ್ಪಿತ. ಮೇಷ್ಟ್ರು ಮೈಸೂರು ಪಾಕಿನ ತಟ್ಟೆಯನ್ನು ಕೈಯಲ್ಲೇ ಹಿಡಿದು ಅವಳ ಹಿಂದೆ ನಡೆದರು.